ಸಂದಿಯೊಳಗಿನ ಸಾಕ್ಷ್ಯ

2004ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಲೆನೋವಿನ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ತಮಗಿರುವುದು ಸೈನಸ್ ತಲೆನೋವು ಎಂದು ತಾವೇ ತೀರ್ಮಾನಿಸಿಕೊಂಡಿದ್ದ, ಇಲ್ಲವೇ ವೈದ್ಯರಿಂದ ಹಾಗೆ ಹೇಳಿಸಿಕೊಂಡಿದ್ದ 2,991 ಮಂದಿಯನ್ನು ಸಂಶೋಧಕರು ತಲೆನೋವಿನ ಅಂತರರಾಷ್ಟ್ರೀಯ ಮಾನದಂಡಗಳನ್ನು ಮುಂದಿಟ್ಟುಕೊಂಡು ಮತ್ತೆ ವಿಚಾರಿಸಿದರು. ನೂರಕ್ಕೆ 88 ಮಂದಿಯ ನೋವು ಮೈಗ್ರೇನ್ ಜಾತಿಗೆ ಸೇರಿದ್ದೆಂದು ಗೊತ್ತಾಯಿತು. ಅವರ ದೂರುಗಳೇನೂ ಕಲ್ಪನೆಯಲ್ಲ. ನೂರಕ್ಕೆ 84 ಮಂದಿಗೆ ಕೆನ್ನೆ, ಹುಬ್ಬುಗಳ ಸುತ್ತ ಬಿಗಿತವಿತ್ತು, 63 ಮಂದಿಗೆ ಮೂಗೂ ಕಟ್ಟುತ್ತಿತ್ತು. ಜ್ವರ ಬಂದವರನ್ನೂ ಕೀವಿನಂಥ ಸಿಂಬಳ ಸುರಿಯುತ್ತಿದ್ದವರನ್ನೂ ಸಂಶೋಧಕರು ಮೊದಲೇ ಹೊರಗಿಟ್ಟಿದ್ದರು. ಹಾಗಾಗಿ ಈ 88ನ್ನು ಸೈನಸ್ ರೋಗಿಗಳೆಲ್ಲರ ತಲೆಗೂ ಕಟ್ಟುವುದು ತಪ್ಪಾಗುತ್ತದೆ. ಆದರೂ ಒಂದು ಮಾತು ಇದರಿಂದ ಸ್ಪಷ್ಟ. ಮುಖದ ಬಿಗಿತ ಮತ್ತು ಕಟ್ಟಿದ ಮೂಗು ಎಂಬ ಎರಡು ದೂರುಗಳನ್ನಷ್ಟೇ ಕೇಳಿ, ಒಳಗೆ ನೋಡದೆ, ಆ್ಯಂಟಿಬಯಾಟಿಕ್ ಬರೆದರೆ ಅದು ಊಹೆಯ ಚಿಕಿತ್ಸೆ. ಸಪೂರ ಕೊಳವೆಯಿಂದ ಮೂಗಿನೊಳಗೆ ನೋಡುವ ಎಂಡೋಸ್ಕೋಪಿಯ ಪರವಾಗಿ ನಾನು ಹೇಳಬೇಕಾದ ವಾದ ಇಲ್ಲಿಂದಲೇ ಹೊರಡುತ್ತದೆ. ವಾರಗಟ್ಟಲೆ ಎಳೆಯುವ ಮೂಗಿನ ತೊಂದರೆಯಲ್ಲಿ ರೋಗಿಯ ಮಾತಿಗೂ ಸ್ಕ್ಯಾನಿನ ಚಿತ್ರಕ್ಕೂ ನಡುವೆ ಕಣ್ಣಾರೆ ನೋಡುವ ಒಂದು ಹಂತ ಇರಲೇಬೇಕು. ಅದನ್ನು ಬಿಟ್ಟಾಗ ಔಷಧಿಯೂ ದಾರಿ ತಪ್ಪುತ್ತದೆ, ಶಸ್ತ್ರವೂ ತಪ್ಪುತ್ತದೆ.

ದೂರು ಯಾಕೆ ಸಾಲದು ಎಂಬುದಕ್ಕೆ ಕಾರಣ ದೇಹದ ರಚನೆಯಲ್ಲೇ ಇದೆ. ಕೆನ್ನೆಯ ಹಿಂದೆ, ಹುಬ್ಬಿನ ಮೇಲೆ, ಎರಡು ಕಣ್ಣುಗಳ ನಡುವೆ ಮತ್ತು ತಲೆಬುರುಡೆಯ ನಟ್ಟನಡುವೆ, ಹೀಗೆ ಸೈನಸ್ ಎಂಬ ನಾಲ್ಕು ಜೋಡಿ ಗಾಳಿಗೂಡುಗಳು ನಮಗೆ ಇವೆ. ಇವುಗಳ ಒಳಪೊರೆಯಿಂದ ನೋವಿನ ಸುದ್ದಿಯನ್ನು ಒಯ್ಯುವುದು ಟ್ರೈಜೆಮಿನಲ್ ಎಂಬ ಐದನೆಯ ಕಪಾಲ ನರ. ಮಿದುಳಿನ ಹೊದಿಕೆಯ ಬಹುಭಾಗದಿಂದ ಸುದ್ದಿ ಒಯ್ಯುವುದೂ ಅದೇ ನರ. ಮೈಗ್ರೇನಿನಲ್ಲಿ ಈ ನರಜಾಲ ಕೆರಳಿದಾಗ ನೋವು ಹುಬ್ಬಿನಲ್ಲೋ ಕೆನ್ನೆಯಲ್ಲೋ ಕೂತಂತೆ ಭಾಸವಾಗುತ್ತದೆ. ಅದರ ಬೆನ್ನಿಗೇ ಇನ್ನೊಂದು ನರಮಾರ್ಗ ಎಚ್ಚರಗೊಂಡು ಕಣ್ಣಲ್ಲಿ ನೀರು ಬರಿಸುತ್ತದೆ, ಮೂಗಿನ ಪೊರೆಯನ್ನು ಊದಿಸುತ್ತದೆ. ಸೈನಸ್ ಸೋಂಕಿನ ವೇಷವನ್ನು ಮೈಗ್ರೇನ್ ಇಷ್ಟು ಚೆನ್ನಾಗಿ ಹಾಕಿಕೊಂಡು ಬಂದಾಗ, ಕಿವಿಯಿಂದ ಕೇಳಿದ್ದನ್ನಷ್ಟೇ ನಂಬಿದ ವೈದ್ಯ ಮೋಸಹೋಗುವುದರಲ್ಲಿ ಆಶ್ಚರ್ಯವೇನಿಲ್ಲ.

ಹಾಗಾದರೆ ಹಿಂದಿನವರು ಮೂಗಿನೊಳಗೆ ನೋಡುತ್ತಿರಲಿಲ್ಲವೇ? ನೋಡುತ್ತಿದ್ದರು. ಹಣೆಗೆ ಕನ್ನಡಿ ಕಟ್ಟಿಕೊಂಡು, ಹೊಳ್ಳೆಯನ್ನು ಚಿಮಟದಂಥ ಸಲಕರಣೆಯಿಂದ ಅಗಲಿಸಿ ಬೆಳಕು ಬಿಡುವ ವಿಧಾನ ಇವತ್ತಿಗೂ ಇದೆ, ಇರಬೇಕು ಕೂಡ. ಆದರೆ ಅದರಿಂದ ಕಾಣುವುದು ಮೂಗಿನ ಮುಂಭಾಗ ಮಾತ್ರ: ನಡುಗೋಡೆಯ ಮುಂದಿನ ಅಂಚು, ಪಕ್ಕದ ಗೋಡೆಯಿಂದ ಚಾಚಿಕೊಂಡ ಟರ್ಬಿನೇಟ್ ಎಂಬ ಸುರುಳಿ ಮೂಳೆಗಳ ಪೈಕಿ ಕೆಳಗಿನದರ ತುದಿ, ಅದೃಷ್ಟವಿದ್ದರೆ ನಡುವಿನದರ ಮೂತಿ. ಸೈನಸ್‌ಗಳ ಬಾಯಿಗಳು ಇರುವುದು ಅಲ್ಲಲ್ಲ. ಕೆನ್ನೆಯ ಗೂಡು, ಹುಬ್ಬಿನ ಗೂಡು ಮತ್ತು ಕಣ್ಣುಗಳ ನಡುವಿನ ಮುಂದಿನ ಗೂಡುಗಳು, ಇವೆಲ್ಲ ಬಂದು ತೆರೆದುಕೊಳ್ಳುವುದು ನಡುವಿನ ಟರ್ಬಿನೇಟಿನ ಮರೆಯಲ್ಲಿರುವ, ಕೆಲವೇ ಮಿಲಿಮೀಟರ್ ಅಗಲದ ಒಂದು ಸಂದಿಯಲ್ಲಿ. ನೇರವಾಗಿ ಸಾಗುವ ಬೆಳಕು ಆ ಮೂಲೆಯನ್ನು ತಿರುಗಲಾರದು.

ಮೂಲೆ ತಿರುಗಿ ನೋಡುವ ಆಸೆ ಹಳೆಯದೇ. 1901ರ ಹೊತ್ತಿಗೆ ಬರ್ಲಿನ್ನಿನ ಹಿರ್ಷ್‌ಮನ್ ಮೂತ್ರಕೋಶ ನೋಡಲೆಂದು ಮಾಡಿದ್ದ ಕೊಳವೆಯನ್ನು ಸಣ್ಣದಾಗಿಸಿ ಮೂಗಿನ ಈ ಸಂದಿಯನ್ನೂ, ಹಲ್ಲು ಕಿತ್ತ ಕುಳಿಯ ಮೂಲಕ ಕೆನ್ನೆಯ ಗೂಡನ್ನೂ ನೋಡಿದ್ದ. 1925ರಲ್ಲಿ ನ್ಯೂಯಾರ್ಕಿನ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಈ ಪರೀಕ್ಷೆಗೆ ಸೈನಸ್ಕೋಪಿ ಎಂದು ಹೆಸರಿಟ್ಟ. ಹೆಸರು ಹುಟ್ಟಿತೇ ಹೊರತು ಪರೀಕ್ಷೆ ಬಳಕೆಗೆ ಬರಲಿಲ್ಲ. ಅಡ್ಡಿಯಾದದ್ದು ಬೆಳಕು. ಆಗಿನ ಕೊಳವೆಗಳಲ್ಲಿ ತೆಳು ಮಸೂರಗಳ ನಡುವೆ ಉದ್ದುದ್ದ ಗಾಳಿಯ ಜಾಗ ಇರುತ್ತಿತ್ತು. ಕೊಳವೆ ಸಪೂರವಾದಷ್ಟೂ ಚಿತ್ರ ಮಂಕಾಗುತ್ತಿತ್ತು. ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ 1959ರಲ್ಲಿ ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿದ. ಗಾಳಿಯಿದ್ದಲ್ಲಿ ಗಾಜಿನ ಕಡ್ಡಿ ತುಂಬಿ, ಮಸೂರವಿದ್ದಲ್ಲಿ ಗಾಳಿಯ ಸಣ್ಣ ತೆರಪು ಬಿಟ್ಟ. ಗಾಜಿನಲ್ಲಿ ಬೆಳಕು ಹೆಚ್ಚು ದಕ್ಕುತ್ತದೆ. ಮೇಲಾಗಿ ಉದ್ದನೆಯ ಕಡ್ಡಿಗಳನ್ನು ಕೊಳವೆಯಲ್ಲಿ ಓರೆಯಾಗದಂತೆ ಕೂರಿಸುವುದು ಸುಲಭ. ಅಷ್ಟೇ ದಪ್ಪದ ಕೊಳವೆ ಹಲವು ಪಟ್ಟು ಬೆಳಕನ್ನು ಸಾಗಿಸತೊಡಗಿತು. ಬೆಳಕಿನ ಮೂಲವನ್ನು ಹೊರಗಿಟ್ಟು ಗಾಜಿನ ಎಳೆಗಳ ಕಟ್ಟಿನ ಮೂಲಕ ಒಳಗೆ ಹಾಯಿಸುವ ಉಪಾಯವೂ ಅದೇ ಕಾಲಕ್ಕೆ ಕೂಡಿಬಂತು. ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ಹಾಪ್ಕಿನ್ಸ್ ಜತೆ ಸೇರಿ ತೋರಿಸಿಕೊಟ್ಟವರು ಭಾರತದಿಂದ ಹೋಗಿದ್ದ ನರಿಂದರ್ ಸಿಂಗ್ ಕಪಾನಿ. ಜರ್ಮನಿಯ ಟುಟ್ಲಿಂಗೆನ್ ಊರಿನ ಉಪಕರಣ ತಯಾರಕ ಕಾರ್ಲ್ ಸ್ಟೋರ್ಜ್ ಹಾಪ್ಕಿನ್ಸ್ ಜತೆ ಕೈಜೋಡಿಸಿದ ಮೇಲೆ, 1960ರ ದಶಕದ ಕೊನೆಗೆ, ನಾಲ್ಕು ಮಿಲಿಮೀಟರ್ ದಪ್ಪದ ಕಡ್ಡಿಯೊಂದು ಮೂಗಿನ ಕತ್ತಲನ್ನು ಹಗಲು ಮಾಡುವಷ್ಟು ಸಮರ್ಥವಾಯಿತು.

ಉಪಕರಣ ಸಿದ್ಧವಾದ ಮಾತ್ರಕ್ಕೆ ಜ್ಞಾನ ಬರುವುದಿಲ್ಲ. ಏನನ್ನು ನೋಡಬೇಕು ಎಂಬ ಪ್ರಶ್ನೆ ಇದ್ದವನ ಕೈಗೆ ಅದು ಸಿಗಬೇಕು. ಆಸ್ಟ್ರಿಯದ ಗ್ರಾಜ್ ನಗರದ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಬಳಿ ಆ ಪ್ರಶ್ನೆ ಇತ್ತು. ಆಗಿನ ವೈದ್ಯರು ಸೈನಸ್ ಸೋಂಕನ್ನು ಗೂಡಿನ ಕಾಯಿಲೆ ಎಂದೇ ತಿಳಿದಿದ್ದರು. ಒಳಪೊರೆ ಒಮ್ಮೆ ಕೆಟ್ಟರೆ ಕೆಟ್ಟಿತು, ಕೆರೆದು ತೆಗೆಯುವುದೇ ದಾರಿ. 1893ರಲ್ಲಿ ಅಮೆರಿಕದ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಲುಕ್ ಬೇರೆಬೇರೆಯಾಗಿ ವರ್ಣಿಸಿದ, ಮೇಲ್ದುಟಿಯ ಒಳಗಿನಿಂದ ಕೆನ್ನೆಯ ಮೂಳೆ ಕೊರೆದು ಗೂಡನ್ನು ಖಾಲಿ ಮಾಡುವ ಶಸ್ತ್ರಕ್ರಿಯೆ ದಶಕಗಟ್ಟಲೆ ನಡೆದದ್ದು ಈ ನಂಬಿಕೆಯ ಮೇಲೆ. ಜತೆಗೆ, ತೊಟ್ಟಿಯ ನೀರು ಹರಿದುಹೋಗಲು ತಳದಲ್ಲಿ ತೂತು ಕೊರೆಯುವಂತೆ, ಗೂಡಿನ ಕೆಳಭಾಗದಲ್ಲಿ ಮೂಗಿಗೆ ಹೊಸ ಕಿಂಡಿ ತೆರೆಯುತ್ತಿದ್ದರು. ತರ್ಕ ಸರಿಯಾಗಿಯೇ ತೋರುತ್ತದೆ. ತೊಡಕೇನೆಂದರೆ, ಸಿಂಬಳ ನೀರಿನ ನಿಯಮ ಪಾಲಿಸುವುದಿಲ್ಲ. ಗೂಡಿನ ಗೋಡೆಯ ಒಂದೊಂದು ಜೀವಕೋಶದ ಮೇಲೂ ಸಿಲಿಯಾ ಎಂಬ ನೂರಾರು ಸೂಕ್ಷ್ಮ ರೋಮಗಳಿದ್ದು, ಸೆಕೆಂಡಿಗೆ ಹತ್ತು ಬಾರಿಗೂ ಮಿಕ್ಕಿ ಒಂದೇ ದಿಕ್ಕಿಗೆ ಬಡಿಯುತ್ತವೆ. ಅವುಗಳ ಮೇಲೆ ಕೂತ ಲೋಳೆಯ ಪದರ ನಿಮಿಷಕ್ಕೆ ಕೆಲವು ಮಿಲಿಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ಈ ರೋಮಗಳು ಮನುಷ್ಯ ಸತ್ತ ಮೇಲೂ ಕೆಲವು ಗಂಟೆ ಕೆಲಸ ನಿಲ್ಲಿಸುವುದಿಲ್ಲ. ಮೆಸ್ಸರ್‌ಕ್ಲಿಂಗರ್ ಹೊಸ ಶವಗಳ ಸೈನಸ್‌ಗಳನ್ನು ತೆರೆದು, ಬಣ್ಣದ ಕಣಗಳನ್ನು ಇಟ್ಟು, ಅವು ಸಾಗುವ ಹಾದಿಯನ್ನು ಚಿತ್ರೀಕರಿಸಿದ. ಕೆನ್ನೆಯ ಗೂಡಿನಲ್ಲಿ ಲೋಳೆ ತಳದಿಂದ ಹೊರಟು, ನಾಲ್ಕೂ ಗೋಡೆ ಹತ್ತಿ, ಮೇಲೆ ಛಾವಣಿಯ ಹತ್ತಿರವಿರುವ ಸಹಜ ಬಾಯಿಯ ಕಡೆಗೇ ನಡೆಯುತ್ತದೆ. ತಳದಲ್ಲಿ ಶಸ್ತ್ರವೈದ್ಯ ಕೊರೆದ ಕಿಂಡಿ ಎದುರಾದರೆ ಅದನ್ನು ಸುತ್ತುಹಾಕಿ ಮುಂದೆ ಹೋಗುತ್ತದೆ! ಅಮೆರಿಕದ ಹಿಲ್ಡಿಂಗ್ ಕೂಡ ಅದಕ್ಕೂ ಮುಂಚೆ ಪ್ರಾಣಿಗಳಲ್ಲಿ ಸಿಲಿಯಾಗಳ ಈ ಹಟವನ್ನು ಗುರುತಿಸಿದ್ದ.

ಇಲ್ಲಿಂದ ಕಾಯಿಲೆಯ ವಿಳಾಸವೇ ಬದಲಾಯಿತು. ಲೋಳೆ ಹೋಗಬೇಕಾದದ್ದು ಆ ಒಂದೇ ಬಾಯಿಯ ಮೂಲಕ ಎಂದಾದರೆ, ಬಾಯಿ ತೆರೆದುಕೊಳ್ಳುವ ಇಕ್ಕಟ್ಟಿನ ಸಂದಿಯಲ್ಲಿ ಎದುರುಬದುರು ಪೊರೆಗಳು ಊದಿ ಒಂದಕ್ಕೊಂದು ತಾಗಿದರೂ ಸಾಕು, ಸಿಲಿಯಾಗಳು ಸಿಕ್ಕಿಬೀಳುತ್ತವೆ, ಹಿಂದಿನ ಗೂಡುಗಳೆಲ್ಲ ಕಟ್ಟಿಕೊಳ್ಳುತ್ತವೆ. ಕೆನ್ನೆಯಲ್ಲಿ ಕೀವು ತುಂಬಿದ್ದರೂ ಮೂಲ ತೊಂದರೆ ಕೆನ್ನೆಯಲ್ಲಿ ಇಲ್ಲದಿರಬಹುದು. ಮೆಸ್ಸರ್‌ಕ್ಲಿಂಗರ್ ಜೀವಂತ ರೋಗಿಗಳ ಮೂಗಿನಲ್ಲಿ ಎಂಡೋಸ್ಕೋಪ್ ಹಿಡಿದು ಈ ಸಂದಿಗಳನ್ನು ವರ್ಷಗಟ್ಟಲೆ ದಾಖಲಿಸಿದ. ಅವನ ಪುಸ್ತಕ 1978ರಲ್ಲಿ ಇಂಗ್ಲಿಷಿಗೆ ಬಂತು. ಸಂದಿಯ ಅಡಚಣೆಯನ್ನಷ್ಟೇ ತೆಗೆದು ಗೂಡನ್ನು ಮುಟ್ಟದೆ ಬಿಟ್ಟರೂ, ಇನ್ನು ಉಳಿಯುವುದಿಲ್ಲ ಎಂದುಕೊಂಡಿದ್ದ ಒಳಪೊರೆ ಎಷ್ಟೋ ಸಲ ತಾನಾಗಿಯೇ ಚೇತರಿಸಿಕೊಳ್ಳುತ್ತಿತ್ತು. ಅವನ ಶಿಷ್ಯ ಹೈನ್ಜ್ ಸ್ಟಾಮ್‌ಬರ್ಗರ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಡೇವಿಡ್ ಕೆನಡಿ 1980ರ ದಶಕದಲ್ಲಿ ಈ ವಿಚಾರವನ್ನು ಜಗತ್ತಿಗೆ ಹಂಚಿದರು. ಎಂಡೋಸ್ಕೋಪಿಯ ಹಿರಿಮೆಯನ್ನು ಅದು ತೋರಿಸುವ ಚಂದದ ಚಿತ್ರಗಳಲ್ಲಿ ಹುಡುಕುವವರು ಈ ಚರಿತ್ರೆಯನ್ನು ಮರೆಯುತ್ತಾರೆ. ಅದು ಕಾಯಿಲೆಯ ಬಗೆಗಿನ ತಿಳಿವಳಿಕೆಯನ್ನೇ ತಿದ್ದಿತು. ತಿದ್ದಿದ ದಿಕ್ಕು ಕಡಿಮೆ ಕೊಯ್ಯುವ ಕಡೆಗೆ ಎಂಬುದು ಮುಂದಿನ ಚರ್ಚೆಗೆ ಮುಖ್ಯ.

ಪರೀಕ್ಷೆ ಈಗ ಹೊರರೋಗಿ ವಿಭಾಗದಲ್ಲೇ ನಡೆಯುತ್ತದೆ. ಮೂಗಿನ ಊತ ಇಳಿಸುವ ಮತ್ತು ಮರಗಟ್ಟಿಸುವ ಔಷಧಿಯನ್ನು ಸಿಂಪಡಿಸಿ, ಇಲ್ಲವೇ ಅದರಲ್ಲಿ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಮೂಗಿನಲ್ಲಿಟ್ಟು ತೆಗೆಯುತ್ತಾರೆ. ದೊಡ್ಡವರಿಗೆ ನಾಲ್ಕು ಮಿಲಿಮೀಟರಿನ ಕಡ್ಡಿ, ಇಕ್ಕಟ್ಟಿನ ಮೂಗಿಗೂ ಮಕ್ಕಳಿಗೂ 2.7 ಮಿಲಿಮೀಟರಿನದು ಅಥವಾ ಬಾಗುವ ಕೊಳವೆ. ಕಡ್ಡಿಯ ತುದಿ ನೇರಕ್ಕೆ ನೋಡಬಹುದು, ಇಲ್ಲವೇ 30, 45, 70 ಡಿಗ್ರಿ ಓರೆಗೆ ನೋಡಬಹುದು; ಮೂಲೆ ತಿರುಗುವ ಗುಟ್ಟು ಈ ಓರೆಯಲ್ಲಿದೆ. ಮೊದಲು ಮೂಗಿನ ನೆಲದ ಗುಂಟ ಗಂಟಲಿನ ಹಿಂಬದಿಯವರೆಗೆ, ಆಮೇಲೆ ಮೇಲ್ಭಾಗದ ಹಿಂಮೂಲೆಗೆ, ಕೊನೆಗೆ ನಡುವಿನ ಸಂದಿಗೆ, ಹೀಗೆ ಮೂರು ಸುತ್ತು. ಅನುಭವಸ್ಥ ಕೈಯಲ್ಲಿ ಕೆಲವು ನಿಮಿಷದ ಕೆಲಸ. ನೋವಿಗಿಂತ ಒತ್ತಿದಂತಾಗುವ ಕಿರಿಕಿರಿ ಹೆಚ್ಚು. ಕೆಲವರಿಗೆ ಸೀನು, ಅಪರೂಪಕ್ಕೆ ಒಂದೆರಡು ಹನಿ ರಕ್ತ, ಇನ್ನೂ ಅಪರೂಪಕ್ಕೆ ತಲೆಸುತ್ತು. ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು.

ಇನ್ನು ಅಂಕಿಗಳಿಗೆ ಬರೋಣ. ಮೂಗು ಕಟ್ಟುವುದು ಅಥವಾ ಸುರಿಯುವುದು, ಮುಖದ ಬಿಗಿತ, ವಾಸನೆ ಕುಂದುವುದು ಇವುಗಳಲ್ಲಿ ಕನಿಷ್ಠ ಎರಡು 12 ವಾರ ಮೀರಿ ಉಳಿದರೆ ದೀರ್ಘಕಾಲದ ಸೈನಸ್ ಉರಿಯೂತ ಎಂದು ಶಂಕಿಸುತ್ತಾರೆ. ದೂರುಗಳನ್ನಷ್ಟೇ ಎಣಿಸಿದ ಯುರೋಪಿನ ದೊಡ್ಡ ಸಮೀಕ್ಷೆಯಲ್ಲಿ ಸುಮಾರು ನೂರಕ್ಕೆ 11 ಮಂದಿ ಈ ಲೆಕ್ಕಕ್ಕೆ ಬಂದರು. ಎಂಡೋಸ್ಕೋಪಿಯೋ ಸ್ಕ್ಯಾನೋ ಒಪ್ಪಬೇಕು ಎಂಬ ಷರತ್ತು ಹಾಕಿದರೆ ಪ್ರಮಾಣ ನೂರಕ್ಕೆ 3ರಿಂದ 6ಕ್ಕೆ ಇಳಿಯುತ್ತದೆ ಎಂದು 2020ರ ಯುರೋಪಿಯನ್ ಮಾರ್ಗಸೂಚಿ ಅಂದಾಜಿಸಿದೆ. 2010ರಲ್ಲಿ ಬಾಸ್ಟನ್ನಿನ ಸಂಶೋಧಕರು ಸಿ.ಟಿ. ಸ್ಕ್ಯಾನನ್ನು ಒರೆಗಲ್ಲಾಗಿಟ್ಟುಕೊಂಡು ಪರೀಕ್ಷಿಸಿದಾಗ, ಕಾಯಿಲೆ ಇಲ್ಲದವರನ್ನು ಇಲ್ಲದವರೆಂದು ಬೇರ್ಪಡಿಸುವುದರಲ್ಲಿ ದೂರುಗಳ ಪಟ್ಟಿ ನೂರಕ್ಕೆ ಸುಮಾರು 12 ಸಲ ಮಾತ್ರ ಗೆದ್ದಿತು. ಎಂಡೋಸ್ಕೋಪಿ ಸೇರಿಸಿದಾಗ ಅದು 84ಕ್ಕೆ ಏರಿತು. ಈ ವಾದವನ್ನು ಒಪ್ಪದವರು ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ತೋರಿಸುತ್ತಾರೆ, ತೋರಿಸಲೇಬೇಕು: ಕಾಯಿಲೆ ಇದ್ದವರನ್ನು ಹಿಡಿಯುವ ಸಾಮರ್ಥ್ಯ ಸುಮಾರು 89ರಿಂದ 46ಕ್ಕೆ ಕುಸಿಯಿತು. ಎಂಡೋಸ್ಕೋಪ್ ಸಂದಿಯನ್ನು ನೋಡುತ್ತದೆ, ಮುಚ್ಚಿದ ಗೂಡಿನ ಒಳಗನ್ನಲ್ಲ. ಕೀವು ಹೊರಗೆ ಬಾರದಿದ್ದರೆ ಅದಕ್ಕೆ ಕಾಣದು. ಹಾಗಾಗಿ ಅದರ ಹೌದಿಗೆ ಇರುವ ತೂಕ ಅದರ ಇಲ್ಲಕ್ಕೆ ಇಲ್ಲ. ಸಂದಿಯಲ್ಲಿ ಕೀವೋ ಪಾಲಿಪ್ ಎಂಬ ಮಾಂಸದ ಬೆಳವಣಿಗೆಯೋ ಕಂಡರೆ ಸ್ಕ್ಯಾನ್ ಇಲ್ಲದೆಯೇ ಚಿಕಿತ್ಸೆ ಶುರುಮಾಡಬಹುದು. ಏನೂ ಕಾಣದೆ ದೂರು ಮಾತ್ರ ಗಟ್ಟಿಯಾಗಿದ್ದರೆ ಮುಂದಿನ ಹೆಜ್ಜೆಯಾಗಿ ಸ್ಕ್ಯಾನ್ ಬೇಕು.

ಹಾಗಾದರೆ ನೇರ ಸ್ಕ್ಯಾನಿಗೇ ಹೋಗಬಾರದೇಕೆ? ಊರೂರಿಗೆ ಸ್ಕ್ಯಾನಿಂಗ್ ಕೇಂದ್ರಗಳು ಬಂದಿರುವ ಈ ಕಾಲದಲ್ಲಿ ಇದು ತೀರ ಸಹಜವಾದ ಆಕ್ಷೇಪ. ಉತ್ತರಕ್ಕೆ 1988ರ ಒಂದು ಅಧ್ಯಯನ ನೆರವಾಗುತ್ತದೆ. ಮೂಗಿನ ದೂರೇ ಇಲ್ಲದೆ ಬೇರೆ ಕಾರಣಕ್ಕೆ ತಲೆಯ ಸ್ಕ್ಯಾನ್ ಮಾಡಿಸಿಕೊಂಡಿದ್ದ ವಯಸ್ಕರ ಚಿತ್ರಗಳನ್ನು ನೋಡಿದಾಗ, ನೂರಕ್ಕೆ 42ಕ್ಕೂ ಹೆಚ್ಚು ಮಂದಿಯ ಸೈನಸ್ ಪೊರೆಯಲ್ಲಿ ಏನಾದರೊಂದು ಬದಲಾವಣೆ ಇತ್ತು. ಮೂರು ದಿನದ ನೆಗಡಿಯೂ ಸ್ಕ್ಯಾನಿನಲ್ಲಿ ಸೈನಸ್ ಊತವಾಗಿ ಮೂಡುತ್ತದೆ. ಮೈಗ್ರೇನ್ ಇರುವ ವ್ಯಕ್ತಿಯ ಸ್ಕ್ಯಾನಿನಲ್ಲಿ ಇಂಥದೊಂದು ಅಮಾಯಕ ನೆರಳು ಬಿದ್ದರೆ ಊಹೆಗೆ ಮುದ್ರೆ ಬಿದ್ದಂತಾಗುತ್ತದೆ. ಸ್ಕ್ಯಾನ್ ಬೂದುಬಣ್ಣದ ದಪ್ಪವನ್ನು ತೋರಿಸುತ್ತದೆಯೇ ವಿನಾ ಅದು ಕೀವೋ, ತಿಳಿಲೋಳೆಯೋ, ಬರೀ ಊತವೋ ಎಂದು ಬಹಳ ಸಲ ಬಿಡಿಸಿ ಹೇಳುವುದಿಲ್ಲ. ಎಂಡೋಸ್ಕೋಪಿಯಲ್ಲಿ ಬಣ್ಣ ಕಾಣುತ್ತದೆ, ಕೀವನ್ನು ಹೀರಿ ಪ್ರಯೋಗಾಲಯಕ್ಕೆ ಕಳಿಸಬಹುದು, ವಿಕಿರಣದ ಚಿಂತೆ ಇಲ್ಲದೆ ತಿಂಗಳ ನಂತರ ಮತ್ತೆ ನೋಡಬಹುದು. ಶಸ್ತ್ರಕ್ರಿಯೆಗೆ ಮುಂಚೆ ಮಾತ್ರ ಸ್ಕ್ಯಾನ್ ತಪ್ಪಿಸುವಂತಿಲ್ಲ. ಕಣ್ಣಿನ ಗುಳಿಗೂ ಸೈನಸ್‌ಗೂ ನಡುವೆ ಇರುವುದು ಕಾಗದದಷ್ಟು ತೆಳ್ಳಗಿನ ಮೂಳೆ, ಮೇಲ್ಗಡೆ ಮಿದುಳು. ನಕ್ಷೆ ಇಲ್ಲದೆ ಅಲ್ಲಿ ಕೈಯಾಡಿಸುವುದು ಅಪಾಯ.

ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ನೋಡುವ ಸಲಕರಣೆ ಕೊಯ್ಯುವ ಸಲಕರಣೆಯೂ ಆಗಿರುವಾಗ, ಕಂಡದ್ದನ್ನೆಲ್ಲ ಕೊಯ್ಯುವ ಚಪಲ ಹುಟ್ಟುವುದಿಲ್ಲವೇ? ಹುಟ್ಟುತ್ತದೆ, ಹುಟ್ಟಿದೆ. ಮೂಗಿನ ನಡುಗೋಡೆ ಕೂದಲೆಳೆಯಷ್ಟೂ ವಾಲದವರು ವಿರಳ. ಪರದೆಯ ಮೇಲೆ ದೊಡ್ಡದಾಗಿ ಕಾಣುವ ಆ ಡೊಂಕನ್ನು ತೋರಿಸಿ 'ಮೂಳೆ ಸೊಟ್ಟ ಇದೆ' ಅಂದಾಗ ರೋಗಿಗೆ ತನ್ನೆಲ್ಲ ತಲೆನೋವಿಗೂ ಕಾರಣ ಸಿಕ್ಕಿದಂತಾಗುತ್ತದೆ. ಟರ್ಬಿನೇಟಿನೊಳಗೆ ಗಾಳಿ ತುಂಬಿರುವಂಥ ಜನ್ಮಜಾತ ವ್ಯತ್ಯಾಸಗಳು ಆರೋಗ್ಯವಂತರಲ್ಲೂ ಸಾಮಾನ್ಯ. 2004ರಲ್ಲಿ ಲಂಡನ್ನಿನಲ್ಲಿ ದೀರ್ಘಕಾಲದ ಸೈನಸ್ ಉರಿಯೂತದ 90 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ ಮತ್ತು ಮೂಗು ತೊಳೆಯುವ ಚಿಕಿತ್ಸೆ, ಇನ್ನೊಂದಕ್ಕೆ ಎಂಡೋಸ್ಕೋಪಿಕ್ ಶಸ್ತ್ರಕ್ರಿಯೆ ಕೊಟ್ಟು ವರ್ಷ ಕಾದು ನೋಡಿದರು. ಎರಡೂ ಗುಂಪು ಸುಧಾರಿಸಿದವು. ದೂರುಗಳ ಮಟ್ಟಿಗೆ ಹೇಳಿಕೊಳ್ಳುವ ಅಂತರ ಇರಲಿಲ್ಲ. ಅಂದಮೇಲೆ ಶಸ್ತ್ರ ಬರಬೇಕಾದದ್ದು ಉಪ್ಪುನೀರಿನ ತೊಳೆತ ಮತ್ತು ಸ್ಟೀರಾಯ್ಡ್ ಸ್ಪ್ರೇಯನ್ನು ಸರಿಯಾಗಿ, ಸಾಕಷ್ಟು ವಾರ ಬಳಸಿಯೂ ಗುಣ ಕಾಣದಾಗ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ಹೊಡೆಯುವುದು ಅವಸರದ ಕೊಯ್ತಕ್ಕೆ. ಸೊಟ್ಟ ಮೂಳೆಯೊಂದೇ ಬರೆದು ಸಂದಿಯ ಸ್ಥಿತಿ ಬರೆಯದ ವರದಿ ಅರ್ಧ ನೋಡಿದ ವರದಿ. ಪೂರ್ತಿ ನೋಡಿ 'ಸಂದಿ ಶುಭ್ರವಾಗಿದೆ, ಕೀವಿಲ್ಲ, ಪಾಲಿಪ್ ಇಲ್ಲ' ಎಂದು ಬರೆದ ವರದಿ ರೋಗಿಯನ್ನು ನರತಜ್ಞರ ಬಳಿಗೆ ಕಳಿಸುತ್ತದೆ, ಅನಗತ್ಯ ಆಪರೇಷನ್ ಒಂದನ್ನು ತಪ್ಪಿಸುತ್ತದೆ.

ಎಲ್ಲರಿಗೂ ಬೇಕು ಎಂಬುದು ನನ್ನ ವಾದವಲ್ಲ. ಮಾಮೂಲಿ ನೆಗಡಿಗೆ, ವೈರಸ್‌ನಿಂದ ಬಂದು ವಾರ-ಹತ್ತು ದಿನದಲ್ಲಿ ತಾನಾಗಿ ಇಳಿಯುವ ಸೈನಸ್ ಬಿಗಿತಕ್ಕೆ ಎಂಡೋಸ್ಕೋಪಿಯೂ ಬೇಡ, ಆ್ಯಂಟಿಬಯಾಟಿಕ್ಕೂ ಬೇಡ. ತಡಮಾಡಬಾರದವರು ಬೇರೆ. ಒಂದೇ ಹೊಳ್ಳೆ ಸದಾ ಕಟ್ಟುವುದು, ಒಂದೇ ಕಡೆಯಿಂದ ರಕ್ತಮಿಶ್ರಿತ ಸಿಂಬಳ ಬರುವುದು ಅಲರ್ಜಿಯ ಲಕ್ಷಣವಲ್ಲ. ಅಲರ್ಜಿ ಎರಡೂ ಕಡೆ ಹಂಚಿಕೊಂಡು ಕಾಡುತ್ತದೆ. ಒಂದೇ ಬದಿಯ ಪಾಲಿಪ್ ಮುಂದೆ ಕ್ಯಾನ್ಸರ್ ಆಗಬಲ್ಲ ಗಡ್ಡೆಯಾಗಿರಬಹುದು. ಪುಟ್ಟ ಮಗುವಿನಲ್ಲಾದರೆ ಬುರುಡೆಯ ಬಿರುಕಿನಿಂದ ಜಾರಿಬಂದ ಮಿದುಳಿನ ಭಾಗವೂ ಆಗಿರಬಹುದು, ಅದನ್ನು ಪಾಲಿಪ್ ಎಂದು ಚಿವುಟಿದರೆ ಅನಾಹುತ. ವಯಸ್ಕರಿಗೆ ಒಂದೇ ಕಿವಿಯ ಪರದೆಯ ಹಿಂದೆ ಕಾರಣವಿಲ್ಲದೆ ನೀರು ನಿಂತಿದ್ದರೆ, ಕಿವಿಯ ಕೊಳವೆ ಬಂದು ತೆರೆಯುವ ಮೂಗಿನ ಹಿಂಬದಿಯನ್ನು ನೋಡಲೇಬೇಕು. ಅಲ್ಲಿ ಅಡಗಿದ ಕ್ಯಾನ್ಸರ್ ಮೊದಲು ಕಿವಿ ಮಂದವಾಗಿಸಿ ಸೂಚನೆ ಕೊಡುವುದುಂಟು. ಇವಕ್ಕೆಲ್ಲ ತಜ್ಞರಿರುವ ದೊಡ್ಡ ಊರಿಗೇ ಹೋಗಬೇಕಲ್ಲ ಎಂಬ ಮಾತು ಇಂದಿಗೂ ಬಹುಮಟ್ಟಿಗೆ ನಿಜ. ಆದರೆ ದುಬಾರಿಯಾಗಿದ್ದ ಬೆಳಕಿನ ಪೆಟ್ಟಿಗೆ ಮತ್ತು ಕ್ಯಾಮೆರಾಗಳ ಜಾಗದಲ್ಲಿ ಪುಟ್ಟ ಎಲ್‌ಇಡಿ ದೀಪ ಮತ್ತು ಮೊಬೈಲ್ ಫೋನಿಗೆ ಸಿಕ್ಕಿಸುವ ಜೋಡಣೆ ಬಂದಿರುವುದರಿಂದ, ತಾಲ್ಲೂಕು ಆಸ್ಪತ್ರೆಯಲ್ಲಿ ಅಡ್ಡಿಯಾಗುವುದು ಉಪಕರಣದ ಬೆಲೆಗಿಂತ ಹೆಚ್ಚಾಗಿ ತರಬೇತಿ ಮತ್ತು ಒಬ್ಬ ರೋಗಿಯಿಂದ ಇನ್ನೊಬ್ಬರ ನಡುವೆ ಕಡ್ಡಿಯನ್ನು ಸೋಂಕುಮುಕ್ತಗೊಳಿಸುವ ಶಿಸ್ತು.

ಮೂಗಿನೊಳಗೆ ಸಕಾಲಕ್ಕೆ ನೋಡುವುದರ ಬೆಲೆ 2021ರಲ್ಲಿ ಕರ್ನಾಟಕಕ್ಕೆ ಚೆನ್ನಾಗಿ ತಿಳಿಯಿತು. ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಬ್ಲ್ಯಾಕ್ ಫಂಗಸ್ ಎಂದು ಜನ ಕರೆದ ಮ್ಯುಕೋರ್‌ಮೈಕೋಸಿಸ್ ಹಬ್ಬಿ, ಮೇ ತಿಂಗಳಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಬೇಕಾಯಿತು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅತಿಯಾಗಿ ಬಳಸಿದ ಸ್ಟೀರಾಯ್ಡ್ ಇವೆರಡೂ ಸೇರಿದಲ್ಲಿ ಈ ಶಿಲೀಂಧ್ರ ಮೂಗಿನ ಪೊರೆಯ ರಕ್ತನಾಳಗಳಿಗೆ ನುಗ್ಗಿ ಅವನ್ನು ಮುಚ್ಚಿಬಿಡುತ್ತದೆ. ರಕ್ತ ತಪ್ಪಿದ ಪೊರೆ ಸತ್ತು ಕಪ್ಪಾಗುತ್ತದೆ, ಅಲ್ಲಿಂದ ಸೋಂಕು ಕಣ್ಣಿಗೂ ಮಿದುಳಿಗೂ ದಾರಿ ಮಾಡಿಕೊಳ್ಳುತ್ತದೆ. ಕೆನ್ನೆ ಜೋಮು ಹಿಡಿದ, ಮೂಗಿನಿಂದ ಕಂದು ನೀರು ಬಂದ ರೋಗಿಯ ಮೂಗಿನಲ್ಲಿ ಎಂಡೋಸ್ಕೋಪ್ ಇಟ್ಟು, ಟರ್ಬಿನೇಟಿನಿಂದ ಚೂರು ತೆಗೆದು, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹನಿಯಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರೆ ಆಗಲೇ ಉತ್ತರ ಸಿಗುತ್ತಿತ್ತು. ಆಂಫೊಟೆರಿಸಿನ್ ಎಂಬ ಶಿಲೀಂಧ್ರನಾಶಕ ಔಷಧಿ ಶುರುಮಾಡಲು ವಾರ ಕಾಯಬೇಕಿರಲಿಲ್ಲ. ಆದರೆ ಕಪ್ಪು ಬಣ್ಣ ತಡವಾಗಿ ಬರುವ ಗುರುತು. ಅದಕ್ಕೂ ಮುಂಚೆ ಪೊರೆ ಬಿಳುಚಿಕೊಂಡಿರುತ್ತದೆ, ಮುಟ್ಟಿದರೆ ರಕ್ತ ಜಿನುಗುವುದಿಲ್ಲ, ನೋವೂ ಆಗುವುದಿಲ್ಲ. ಇನ್ನೂ ಮುಂಚಿನ ಹಂತದಲ್ಲಿ ಎಲ್ಲವೂ ಸರಿಯಾಗಿಯೇ ಕಾಣಬಹುದು. ಹಾಗಾಗಿ ಮೊದಲ ದಿನ ಏನೂ ಸಿಗದಿದ್ದರೂ ಸಂಶಯ ಬಲವಾಗಿದ್ದವರಿಗೆ ಎಂ.ಆರ್.ಐ. ಮಾಡಿಸಿ, ಒಂದೆರಡು ದಿನ ಬಿಟ್ಟು ಅದೇ ಮೂಗಿಗೆ ಕಡ್ಡಿಯನ್ನು ಮತ್ತೆ ಹಾಕಿ ನೋಡಬೇಕಾಗುತ್ತಿತ್ತು.